ದಣಿದ ಬ್ರೇಕು

ಮೊನ್ನೆ ಭಾನುವಾರ ಸಂಜೆ ಪಕ್ಕದ ಮನೆಯ ಹುಡುಗ ಚಾಮುಂಡಿ ಬೆಟ್ಟದಿಂದ ಕಾರು ಇಳಿಸಿಕೊಂಡು ಬಂದು ನಮ್ಮ ಗೇಟಿನ ಎದುರಿಗೇ ನಿಲ್ಲಿಸಿದ. ಅವನ ಕಾರಿನ ಹಿಂದೆಯೇ ಒಂದು ವಾಸನೆಯೂ ಬಂದು ನಿಂತಿತು. ಸುಟ್ಟ ರಬ್ಬರಿನದಲ್ಲ, ಸೀದ ಹಾಲಿನದೂ ಅಲ್ಲ, ಎರಡನ್ನೂ ಸೇರಿಸಿ ಬಾಣಲೆಯಲ್ಲಿ ಹುರಿದಂಥ ಒಂದು ಘಾಟು. ಬ್ರೇಕಿನ ಲೈನರ್ ಕಾದ ವಾಸನೆ ಅದು. "ಏನಪ್ಪಾ ಇದು, ಹೇಗೆ ಇಳಿಸಿಕೊಂಡು ಬಂದೆ?" ಅಂದೆ. "ಪೂರ್ತಿ ನ್ಯೂಟ್ರಲ್‌ನಲ್ಲೇ ಅಂಕಲ್! ಒಂದು ತೊಟ್ಟು ಪೆಟ್ರೋಲ್ ಖರ್ಚಾಗಿಲ್ಲ" ಅಂತ ಬೀಗಿದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅರ್ಧ ಗಂಟೆ ರಸ್ತೆಯಲ್ಲೇ ನಿಲ್ಲಿಸಿಕೊಂಡು ಗಿಯರು, ಇಂಜಿನ್ನು, ಇಳಿಜಾರು ಅಂತ ಪಾಠ ಮಾಡಿದೆ. ಕೊನೆಗೆ ನಮ್ಮವಳು ಒಳಗಿನಿಂದ "ಸಾಕು ಬನ್ನಿ, ಪಾಪ ಅದಕ್ಕೆ ಹಸಿವಾಗಿರತ್ತೆ" ಅಂತ ಕೂಗಿದ ಮೇಲೆ ಬಿಟ್ಟೆ.

ಇಷ್ಟು ಕೇಳಿ ನನ್ನನ್ನು ನೀವು ಮೆಕ್ಯಾನಿಕ್ ಎಂದು ತಿಳಿದರೆ ಅದು ನಿಮ್ಮ ದೊಡ್ಡತನ. ಜೀವಮಾನವೆಲ್ಲ ಸರ್ಕಾರಿ ಕಚೇರಿಯ ಕುರ್ಚಿಯಲ್ಲಿ ಕೂತವನು ನಾನು. ಸೈಕಲ್ಲಿನ ಚೈನು ಕಳಚಿದರೂ ಹಾಕಿಕೊಡಲು ಯಾರಾದರೂ ಬರುತ್ತಾರೋ ಎಂದು ದಾರಿ ನೋಡುವ ಪೈಕಿ. ಆದರೆ ಡೀಸೆಲ್ ಲಾರಿ ಇಳಿಜಾರಿನಲ್ಲಿ ಹೇಗೆ ನಿಧಾನವಾಗುತ್ತದೆ ಎಂಬ ಒಂದೇ ಒಂದು ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತು. ಅದನ್ನು ಕಲಿಯುವಷ್ಟರಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಕೆಲಸವನ್ನೇ ಕಳೆಯುವುದರಲ್ಲಿದ್ದೆ. ಆ ಕಥೆ ಹೇಳುತ್ತೇನೆ, ಕೂತುಕೊಳ್ಳಿ.

ಎಂಬತ್ತರ ದಶಕದ ನಡುಭಾಗ. ನನಗೆ ಇಪ್ಪತ್ತೈದು ವಯಸ್ಸು, ನಾಗಪುರದ ಸಿವಿಲ್ ಲೈನ್ಸ್‌ನ ಒಂದು ಕಚೇರಿಯಲ್ಲಿ ಗುಮಾಸ್ತಗಿರಿ. ನಾಗಪುರ ಎಂದರೆ ಕಿತ್ತಳೆ ಎಂದಷ್ಟೇ ಗೊತ್ತಿದ್ದ ನಾನು ಮೇ ತಿಂಗಳಲ್ಲಿ ಹೋಗಿ ಇಳಿದೆ. ಮೇ ತಿಂಗಳಲ್ಲಿ ಅಲ್ಲಿ ಕಿತ್ತಳೆ ಇರುವುದಿಲ್ಲ, ಬಿಸಿಲು ಮಾತ್ರ ಇರುತ್ತದೆ. ಬಾಡಿಗೆ ರೂಮು ಹುಡುಕುತ್ತಾ ಹಿಂಗಣಾ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾಗ ಒಂದು ಕಾಂಪೌಂಡಿನೊಳಗಿಂದ "ನಿನ್ನ ಹೆಣಾ ಎತ್ಲಿ, ಹೊಸಾ ಸೀರಿ ತಿಂತೀ ಏನ?" ಎಂಬ ಕೂಗು ಕೇಳಿಸಿತು. ಒಂದು ಆಡು ಬಾಯಲ್ಲಿ ಸೀರೆಯ ಸೆರಗು ಕಚ್ಚಿಕೊಂಡು ಓಡಿಬಂತು, ಅದರ ಹಿಂದೆ ಕೈಯಲ್ಲಿ ಕಸಬರಿಗೆ ಹಿಡಿದ ಒಬ್ಬ ಹೆಂಗಸು. ಹದಿನೈದು ದಿನದಿಂದ ಕನ್ನಡ ಕೇಳದ ಕಿವಿಗೆ ಆ ಬೈಗುಳ ಎಷ್ಟು ಹಿತವಾಗಿತ್ತೆಂದರೆ ನನ್ನ ಕಣ್ಣು ಒದ್ದೆಯಾಯಿತು. "ಅಮ್ಮಾ, ನೀವು ಕನ್ನಡದವರಾ?" ಅಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದಲ ಆ ಆಡು ಹಿಡೀರಿ, ಆಮ್ಯಾಲ ಮಾತಾಡೂಣು" ಅಂದರು. ಆಡು ಸಿಗಲಿಲ್ಲ, ಆದರೆ ರೂಮು ಸಿಕ್ಕಿತು.

ಅವರೇ ನೀಲಕ್ಕ. ಅವರ ಯಜಮಾನರು ಬಸಣ್ಣ. ಗದಗಿನ ಕಡೆಯವರು. ಬಸಣ್ಣ ಮಿಲಿಟರಿಯಲ್ಲಿ ಡ್ರೈವರಾಗಿ ನಾಗಪುರದ ಪಕ್ಕದ ಕಾಮಠಿಗೆ ಬಂದು, ಅದನ್ನು ಬಿಟ್ಟ ಮೇಲೆ ಊರಿಗೆ ಹೋಗದೆ ಹಿಂಗಣಾದ ಒಂದು ಕಾರ್ಖಾನೆಯಲ್ಲಿ ಲಾರಿ ಓಡಿಸುತ್ತಿದ್ದರು. ಮಕ್ಕಳಿರಲಿಲ್ಲ. ಮನೆಯ ಹಿಂದಿನ ರೂಮು ನನ್ನದು, ಊಟ ಅವರ ಅಡುಗೆಮನೆಯಲ್ಲಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ. ಅನ್ನ ಕಾಣದೆ ಮೊದಲ ವಾರ ಒದ್ದಾಡಿದೆ, ಎರಡನೆಯ ವಾರದಿಂದ ರೊಟ್ಟಿ ಎಣಿಸುವುದನ್ನೇ ಬಿಟ್ಟೆ. ನಾನು "ಹೋಗ್ಬಿಟ್ಟು ಬರ್ತೀನಿ" ಅಂದರೆ ನೀಲಕ್ಕನಿಗೆ ನಗು. "ನಿಮ್ಮ ಕನ್ನಡ ರೇಡಿಯೋದಾಗ ಮಾತಾಡಿದಂಗ ಐತ್ರಿ ತಮ್ಮಾ, ಬಂದ್ ಮಾಡೂ ಗುಂಡಿ ಎಲ್ಲೈತಿ?" ಎನ್ನುತ್ತಿದ್ದರು.

ಇನ್ನು ನನ್ನ ಜಂಬದ ವಿಷಯ. ಆ ಬೀದಿಯಲ್ಲಿ ಏಳೆಂಟು ಕನ್ನಡದ ಮನೆಗಳಿದ್ದವು, ಹೆಚ್ಚಿನವರು ಕಾರ್ಖಾನೆಯವರು, ರೈಲ್ವೆಯವರು. ಎಲ್ಲರಿಗೂ ಹಿಂದಿ, ಮರಾಠಿ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ಕಷ್ಟ. ಹಾಗಾಗಿ ಔಷಧಿ ಬಾಟಲಿಯ ಮೇಲಿನ ಚೀಟಿ, ಮಕ್ಕಳ ಶಾಲೆಯಿಂದ ಬಂದ ಕಾಗದ, ಮಿಕ್ಸಿಯ ಜೊತೆ ಬಂದ ಪುಸ್ತಕ, ಎಲ್ಲ ನನ್ನ ಹತ್ತಿರ ಬರುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ಒಂದು ಸಲ ಕೆಮ್ಮಿ ಅರ್ಥ ಹೇಳುತ್ತಿದ್ದೆ. ಗೊತ್ತಿದ್ದರೆ ಹೇಳುತ್ತಿದ್ದೆ, ಗೊತ್ತಿಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಚಿಕ್ಕ ವಯಸ್ಸು, ಎದುರಿಗೆ ಬಾಯಿಬಿಟ್ಟು ಕೇಳುವ ಜನ. ತಲೆ ತಿರುಗದೆ ಇರುತ್ತದೆಯೇ, ನೀವೇ ಹೇಳಿ.

ಆ ವರ್ಷ ಕಾರ್ಖಾನೆಯವರು ಹೊಸ ಲಾರಿ ತರಿಸಿ ಬಸಣ್ಣನಿಗೆ ಕೊಟ್ಟರು. ಬಸಣ್ಣ ಮಾತು ಕಡಿಮೆಯ ಮನುಷ್ಯ. ಊಟದಲ್ಲಿ ಉಪ್ಪು ಜಾಸ್ತಿಯಾದರೂ ಮಾತಿಲ್ಲ, ಇಲ್ಲದಿದ್ದರೂ ಮಾತಿಲ್ಲ. ಅಂಥವರು ಹೊಸ ಲಾರಿ ಬಂದ ಮೇಲೆ ಮಾತಿನಮಲ್ಲರಾಗಿಬಿಟ್ಟರು. ಛಿಂದವಾಡಾ ಕಡೆಯಿಂದ ಲೋಡು ತರುವಾಗ ಒಂದು ಘಾಟಿ ಇಳಿಯಬೇಕು. ಅದನ್ನು ಇಳಿಸಿ ಬಂದ ದಿನವೆಲ್ಲ, ಬಚ್ಚಲಲ್ಲಿ ಕೈಕಾಲು ತೊಳೆಯುತ್ತಲೇ, "ಇವತ್ತ ಪೂರಾ ಘಾಟ್ ಎಗ್ಜಾಸ್ಟ್ ಬ್ರೇಕ್ ಮ್ಯಾಲ ಇಳಿಸಿದೆ ನೋಡು" ಅಂತ ಕೂಗಿ ಹೇಳುತ್ತಿದ್ದರು. ಬೀದಿಯಲ್ಲಿ ಸಿಕ್ಕವರಿಗೂ ಅದೇ ಮಾತು. ನೀಲಕ್ಕ ಹೂಂ ಅನ್ನುತ್ತಿದ್ದರು, ಅಷ್ಟೇ.

ಒಂದು ಬೆಳಿಗ್ಗೆ ಬಸಣ್ಣ ಡ್ಯೂಟಿಗೆ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ತಾಟಿನ ಮುಂದೆ ಕೂತಿದ್ದೆ. ನೀಲಕ್ಕ ರೊಟ್ಟಿ ಬಡಿಯುತ್ತಾ, "ತಮ್ಮಾ, ಎಗ್ಜಾಸ್ಟ್ ಅಂದ್ರ ಏನ್ರಿ?" ಅಂದರು.

ನಾನು ಕೆಮ್ಮಿದೆ. "ಎಗ್ಜಾಸ್ಟ್ ಅಂದ್ರೆ ದಣಿಯೋದು ನೀಲಕ್ಕಾ. ಸುಸ್ತಾಗಿ, ಇರೋ ಬರೋ ಶಕ್ತಿಯೆಲ್ಲ ಮುಗಿದುಹೋಗೋದು."

"ಹಂಗಾದ್ರ ಎಗ್ಜಾಸ್ಟ್ ಬ್ರೇಕ್ ಅಂದ್ರ?"

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. "ದಣಿದ ಬ್ರೇಕು. ಒತ್ತಿ ಒತ್ತಿ ಬ್ರೇಕು ಸೋತುಹೋಗಿರತ್ತೆ. ಆದರೂ ಅದರಲ್ಲೇ ಹೇಗೋ ಲಾರಿ ಇಳಿಸ್ತಾರೆ. ಬಸಣ್ಣ ಗಟ್ಟಿ ಗುಂಡಿಗೆಯವರು ಬಿಡಿ!" ಅಂದೆ. ಆ ಕೊನೆಯ ಮಾತು ನನ್ನ ಕಡೆಯಿಂದ ಉಚಿತ. ಹೊಗಳಿದರೆ ನೀಲಕ್ಕನಿಗೆ ಖುಷಿಯಾಗುತ್ತದೆ ಎಂದುಕೊಂಡೆ.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಕರಿಯಾಯಿತು, ಅದನ್ನೇ ತೆಗೆದು ನನ್ನ ತಾಟಿಗೆ ಹಾಕಿದರು. ಇವತ್ತೇಕೋ ನೀಲಕ್ಕನ ಗಮನ ಇಲ್ಲಿಲ್ಲ ಎಂದುಕೊಂಡು ತಿಂದು ಎದ್ದೆ. ನೀಲಕ್ಕನ ಒಡಹುಟ್ಟಿದ ತಮ್ಮ, ಅವನೂ ಲಾರಿ ಡ್ರೈವರ್, ಘಾಟಿಯೊಂದರಲ್ಲಿ ಬ್ರೇಕ್ ಹತ್ತದೆ ಲಾರಿ ಉರುಳಿ ತೀರಿಹೋಗಿದ್ದ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ವಾರ ಕಳೆಯುವುದರೊಳಗೆ ಮನೆಯ ಗಾಳಿಯೇ ಬದಲಾಯಿತು. ಕಳಮನಾದ ಮಾರ್ಕೆಟ್ ಯಾರ್ಡಿನಲ್ಲಿ ನೀಲಕ್ಕನ ಸೋದರಮಾವನಿಗೆ ಪರಿಚಯವಿದ್ದ ಒಬ್ಬ ವ್ಯಾಪಾರಿ ಇದ್ದ. ಅವನ ಗೋದಾಮಿನ ಗೇಟಿನಲ್ಲಿ ಕೂತು ಬಂದ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ ಖಾಲಿ ಇದೆ ಎಂದು ನೀಲಕ್ಕ ತಾವೇ ಬಸ್ಸು ಹತ್ತಿ ಹೋಗಿ ವಿಚಾರಿಸಿ ಬಂದರು. ಬರುವ ಸೋಮವಾರ ಬಸಣ್ಣ ಹೋಗಿ ಹೂಂ ಅಂದರೆ ಆಯಿತು. ಲಾರಿ ಬಿಡಬೇಕು, ಇದೇ ಅವರ ಹಟ.

"ನಾ ಏನ ತಪ್ಪ ಮಾಡೀನಿ?" ಅಂದರು ಬಸಣ್ಣ, ಊಟಕ್ಕೆ ಕೂತಾಗ.

"ತಪ್ಪ ಆಗೂದ್ಕಿಂತ ಮೊದಲ ಬಿಡ್ರಿ ಅನ್ನಾಕತ್ತೀನಿ."

"ಏನಾಗೇತಿ ಅಂತನರೆ ಹೇಳು."

"ನಿಮಗ ಗೊತ್ತಿಲ್ಲೇನು? ನನ್ನ ಬಾಯಿಲೆ ಹೇಳಿಸಬ್ಯಾಡ್ರಿ."

ದಣಿದ ಬ್ರೇಕಿನಲ್ಲಿ ಗಂಡ ಘಾಟಿ ಇಳಿಯುತ್ತಾನೆ, ಅದನ್ನು ಬೀದಿಯವರ ಮುಂದೆ ಹೆಮ್ಮೆಯಿಂದ ಬೇರೆ ಹೇಳಿಕೊಳ್ಳುತ್ತಾನೆ, ತನಗೆ ಮಾತ್ರ ಅರ್ಥ ಬಿಡಿಸಿ ಹೇಳುವುದಿಲ್ಲ. ನೀಲಕ್ಕನ ಸಿಟ್ಟು ಅದು. ಬಸಣ್ಣನಿಗೆ ಹೇಗೆ ತಿಳಿಯಬೇಕು? ತಟ್ಟೆಯಲ್ಲೇ ಕೈ ತೊಳೆದು ಎದ್ದರು. ನಾನೂ ಏನೂ ಅರ್ಥವಾಗದೆ ಮಜ್ಜಿಗೆ ಕುಡಿಯುತ್ತಿದ್ದೆ. ಬೆಂಕಿ ಹಚ್ಚಿದವನೇ ಎಲ್ಲಿ ಹೊಗೆ ಅಂತ ನೋಡುತ್ತಿದ್ದಂತೆ.

ಗುರುವಾರ ಸಂಜೆ ನಾನು ಕಚೇರಿಯಿಂದ ಬರುವಾಗ ಬಸಣ್ಣ ಹಿಂಗಣಾ ನಾಕಾದ ಚಹಾದಂಗಡಿಯ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕೊಡಿಸಿದರು. ರಸ್ತೆಯನ್ನೇ ನೋಡುತ್ತಾ, "ತಮ್ಮಾ, ಮದವಿ ಆದಾಗಿಂದ ಹದಿನೆಂಟ ವರ್ಷ ಆಕಿ ಮಾತ ತಗದ ಹಾಕಿಲ್ಲ. ಇದನ್ನೂ ಹಾಕೂದಿಲ್ಲ. ಸೋಮವಾರ ಹೋಗಿ ಹೂಂ ಅಂತೀನಿ" ಅಂದರು. "ಆದರ ಗೇಟಿನಾಗ ಕುಂತು ಬ್ಯಾರೇದವರ ಗಾಡಿ ನಂಬರ್ ಬರಕೋತ ಕುಂಡ್ರೂದು... ನನ್ನಿಂದ ಹೆಂಗ ಆಗತೈತೋ." ಚಹಾದ ಲೋಟ ಬೆರಳಲ್ಲಿ ತಿರುಗಿಸಿದರು. "ಹಳೇ ಗಾಡಿ ಇದ್ದಾಗ ಬಿಡು ಅಂದಿದ್ರ ಒಂದ ಮಾತು. ಅವಾಗ ಘಾಟ್ ಅಂದ್ರ ನನಗೂ ಎದಿ ಹಾರತಿತ್ತು. ಈಗ ಎಗ್ಜಾಸ್ಟ್ ಬ್ರೇಕ್ ಐತಿ, ಚಿಂತೀನ ಇಲ್ಲ. ಈಗ ಬಿಡು ಅಂತಾಳ."

ಇದ್ದರೆ ಚಿಂತೆ ಇಲ್ಲ? ದಣಿದ ಬ್ರೇಕಿದ್ದರೆ ಚಿಂತೆ ಹೇಗೆ ಇಲ್ಲದಿರುತ್ತದೆ? "ಬಸಣ್ಣ, ಅದು ಅಂದ್ರೆ ಏನು?" ಅಂತ ಕೇಳಿದೆ. ಮೆಲ್ಲಗೆ ಕೇಳಿದೆ, ಕೆಮ್ಮಲಿಲ್ಲ.

ಬಸಣ್ಣನ ಮುಖ ಒಂದು ಕ್ಷಣ ಅರಳಿತು. ಚಹಾದ ಲೋಟ ಪಕ್ಕಕ್ಕಿಟ್ಟು ಎರಡೂ ಕೈ ಎತ್ತಿದರು. "ನೋಡು, ಇಂಜಿನ್ನಿನ ಹೊಗಿ ಹೊರಗ ಹೋಗೂ ಪೈಪ್ ಇರತೈತಲ್ಲ, ಅದಕ್ಕ ಎಗ್ಜಾಸ್ಟ್ ಅಂತಾರ. ಆ ಪೈಪಿನಾಗ ಒಂದ ಸಣ್ಣ ಬಾಗಲಾ ಇಟ್ಟಾರ. ಎಡಗಾಲ ಹತ್ರ ಕೆಳಗ ಒಂದ ಗುಂಡಿ ಐತಿ. ಅದನ್ನ ಒತ್ತಿದ್ರ ಡೀಸೆಲ್ ಬಂದ್, ಆ ಬಾಗಲಾನೂ ಬಂದ್. ಒಳಗಿನ ಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲ. ಇಳಕಲಿನಾಗ ಗಾಡಿ ಇಂಜಿನ್ನ ತಿರುವಾಕ ನೋಡತೈತಿ, ಇಂಜಿನ್ ಆ ಸಿಕ್ಕಬಿದ್ದ ಗಾಳೀನ ದೂಡಬೇಕು, ಗಾಳಿ ಹೊಳ್ಳಿ ಇಂಜಿನ್ನ ದೂಡತೈತಿ. ಇಂಜಿನ್ ತಡೀತು ಅಂದ್ರ ಗಾಲೀನೂ ತಡದ್ವು. ಬರೇ ಒಂದ ಮಾತು, ಗಿಯರಿನಾಗ ಇರಬೇಕು. ಕ್ಲಚ್ ಒತ್ತಿದೆ, ನ್ಯೂಟ್ರಲ್ ಮಾಡಿದೆ ಅಂದ್ರ ಇಂಜಿನ್ನಿಗೂ ಗಾಲಿಗೂ ಸಂಬಂಧ ಹರೀತು, ಮುಗೀತು ಕಥಿ."

"ಮತ್ತೆ ಕಾಲಿನ ಬ್ರೇಕು?"

"ಅದನ್ನ ಮುಟ್ಟೂದ ಕಡಿಮಿ ಬಿಡು. ಘಾಟಿನುದ್ದಕ್ಕೂ ಅದನ್ನ ಒತ್ತಕೋತ ಇಳದ್ರ ಗಾಲ್ಯಾಗಿನ ಡ್ರಮ್ ಕಾಯತೈತಿ, ಕಾದು ಕಾದು ಹಿಡಿಯೂದ ಬಿಡತೈತಿ. ಅದು ದಣೀಬಾರ್ದಂತನ ಇದನ್ನ ಇಟ್ಟಾರ."

ಅಯ್ಯೋ ರಾಮ! ದಣಿಯದಂತೆ ಕಾಯುವುದನ್ನೇ ನಾನು ದಣಿದದ್ದು ಅಂದುಬಿಟ್ಟಿದ್ದೆ. ಚಹಾ ಅಲ್ಲೇ ಬಿಟ್ಟು ರೂಮಿಗೆ ಓಡಿ ನಿಘಂಟು ತೆಗೆದೆ. ಮೊದಲ ಅರ್ಥ ನಾನು ಹೇಳಿದ್ದೇ. ಎರಡನೆಯ ಅರ್ಥ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಯಂತ್ರದಿಂದ ಹೊಗೆ ಹೊರಬೀಳುವ ದಾರಿ. ನಾನು ಜೀವನದಲ್ಲಿ ಯಾವ ಪದಕ್ಕೂ ಎರಡನೆಯ ಅರ್ಥದವರೆಗೆ ಹೋದವನಲ್ಲ. ಬಸಣ್ಣನಿಗೆ ಎದುರು ನಿಂತು ಹೇಳುವ ಧೈರ್ಯವಂತೂ ನನ್ನಲ್ಲಿರಲಿಲ್ಲ. ನೀಲಕ್ಕನಿಗೆ ಹೇಳಿ ಸರಿಮಾಡಿಬಿಡೋಣ, ವಿಷಯ ಅಲ್ಲಿಗೇ ಮುಗಿಯಲಿ ಎಂದು ಹೇಡಿಯ ಲೆಕ್ಕ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಹೋಗಿ, "ನೀಲಕ್ಕಾ, ತಪ್ಪಾಯ್ತು, ಅದು ದಣಿದ ಬ್ರೇಕಲ್ಲ" ಎಂದು ಶುರುಮಾಡಿದೆ. ಅವರು ನನ್ನನ್ನೇ ದಿಟ್ಟಿಸಿದರು. "ನಿನ್ನಿ ನಾಕಾದಾಗ ಇವರು ನಿಮಗ ಚಹಾ ಕುಡಿಸಿದ್ದು ನನಗ ಗೊತ್ತೈತ್ರಿ. ವಾರದ ಹಿಂದ ದಣದೈತಿ ಅಂದ್ರಿ, ಚಹಾ ಕುಡದ ಮ್ಯಾಲ ದಣದಿಲ್ಲ ಅಂತೀರಿ."

ತೋರಿಸಿಯೇ ಬಿಡುತ್ತೇನೆ ಎಂದು ನನ್ನ ಸೈಕಲ್ ಪಂಪು ತಂದೆ. ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿ ಒತ್ತಿದರೆ ಗಾಳಿ ಸಿಕ್ಕಿಹಾಕಿಕೊಂಡು ಹಿಡಿಯನ್ನು ಮೇಲಕ್ಕೆ ದೂಡಬೇಕು. ಬಸಣ್ಣ ಹೇಳಿದ್ದೂ ಅದೇ ತಾನೆ? ಮುಚ್ಚಿದೆ, ಒತ್ತಿದೆ. ಪಂಪಿನ ಬುಡದ ವಾಷರು ಸವೆದು ಯಾವ ಕಾಲವಾಗಿತ್ತೋ, ಹಿಡಿ ಸರ್ರನೆ ಕೆಳಗಿಳಿಯಿತು, ಗಾಳಿಯೆಲ್ಲ ಪುಸ್ಸೆಂದು ಬುಡದಿಂದ ನನ್ನ ಪಂಚೆಯೊಳಕ್ಕೆ ಹೋಯಿತು. "ಇದನ್ನ ನಂಬಿ ಘಾಟ್ ಇಳೀಬೇಕೇನ್ರಿ?" ಅಂದರು ನೀಲಕ್ಕ. ನಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ತಮ್ಮನ ಸಾವಿನ ವಿಷಯ ಹೇಳಿದ್ದು ಆಗಲೇ. "ಅವನೂ ಹಿಂಗ ಅಂತಿದ್ದ, ಏನಾಗಂಗಿಲ್ಲ ಅಕ್ಕಾ, ಅಂತ."

ಪಂಪು ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ. ಕೊನೆಗೆ, "ನಾಳೆ ಬಸಣ್ಣ ಛಿಂದವಾಡಾಕ್ಕೆ ಹೋಗ್ತಾರೆ. ನನಗೂ ರಜೆ. ನಾನು ಆ ಲಾರಿಯಲ್ಲೇ ಕೂತು ಘಾಟಿ ಇಳಿದು ಬರ್ತೀನಿ. ನೀವೂ ಬಂದು ಕಣ್ಣಾರೆ ನೋಡಿ. ದಣಿದಿದ್ದರೆ ಮೂರು ಜನಾನೂ ಒಟ್ಟಿಗೇ ಹೋಗೋಣ" ಅಂದೆ.

"ಏನಂತ ಮಾತಾಡ್ತೀರಿ! ಇನ್ನಾ ಲಗ್ನ ಆಗಿಲ್ಲ ನಿಮ್ಮದು" ಎಂದು ಬೈದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬರ್ತೀನಿ. ಆದರ ನೋಡಿದ ಮ್ಯಾಲೂ ನಾ ಬ್ಯಾಡ ಅಂದ್ರ ಸೋಮವಾರ ಅವರು ಕಳಮನಾಕ್ಕ ಹೋಗಬೇಕು. ಹೇಳ್ರಿ ಅವರಿಗೆ" ಅಂದರು. ನನ್ನ ತಪ್ಪಿನ ವಿಷಯವೊಂದನ್ನು ಬಿಟ್ಟು ಉಳಿದದ್ದನ್ನು ಹೇಳಿದೆ, ಬಸಣ್ಣ ಒಪ್ಪಿದರು. ಸೂಪರ್‌ವೈಸರನ್ನು ಕಾಡಿ ಬೇಡಿ ಅನುಮತಿಯನ್ನೂ ತಂದರು.

ಶನಿವಾರ ಹೊತ್ತು ಮೂಡುವ ಮೊದಲೇ ಹೊರಟೆವು. ಬಸಣ್ಣನ ಪಕ್ಕದಲ್ಲಿ ನೀಲಕ್ಕ, ಕಿಟಕಿಯ ಕಡೆ ನಾನು. ನೀಲಕ್ಕ ಗಂಡನ ಲಾರಿ ಹತ್ತಿದ್ದು ಅದೇ ಮೊದಲು. ಮೆಟ್ಟಿಲಿನ ಮೇಲೆ ಕಾಲಿಡುವಾಗ ಅದಕ್ಕೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡರು. ದಾರಿಯುದ್ದಕ್ಕೂ ಕಿತ್ತಳೆ ತೋಟಗಳು. ಬಸಣ್ಣ ಒಂದೊಂದೇ ಊರು ತೋರಿಸುತ್ತಾ, ಇಲ್ಲಿ ಚಹಾ ಚಲೋ, ಅಲ್ಲಿ ಪೊಲೀಸರು ಸುಮ್ಮಸುಮ್ಮನೆ ತಡೆಯುತ್ತಾರೆ ಎಂದು ವಿವರಿಸುತ್ತಿದ್ದರು. ಘಾಟಿ ಹತ್ತಿ, ಛಿಂದವಾಡಾ ಮುಟ್ಟಿ, ಇದ್ದ ಸಾಮಾನು ಇಳಿಸಿ, ಪೂರ್ತಿ ಲೋಡು ಹೇರಿಕೊಂಡು ಹೊರಡುವಾಗ ಮಧ್ಯಾಹ್ನ. ಬುತ್ತಿಯ ಗಂಟು ಬಿಚ್ಚಿದರೂ ರೊಟ್ಟಿ ಯಾರ ಗಂಟಲಲ್ಲೂ ಇಳಿಯಲಿಲ್ಲ. ನನ್ನ ಗಂಟಲಲ್ಲಿ ಸ್ವಲ್ಪ ಇಳಿಯಿತು, ಸುಳ್ಳೇಕೆ ಹೇಳಲಿ.

ಘಾಟಿಯ ತಲೆಯಲ್ಲಿ ಬಸಣ್ಣ ಲಾರಿ ನಿಲ್ಲಿಸಿ ಇಳಿದು, ಚಕ್ರಗಳನ್ನು ಒಂದೊಂದಾಗಿ ಬಡಿದು ನೋಡಿ ಬಂದು ಕೂತರು. ಎದುರಿಗೆ ಹಿಂದಿಯಲ್ಲಿ ಬೋರ್ಡು: ಮುಂದೆ 'ಉತಾರ್' ಇದೆ, ಅಂದರೆ ಇಳಿಜಾರು. ಗದಗಿನ ಕಡೆ ಉತಾರ ಎಂದರೆ ಹೊಲದ ದಾಖಲೆಯ ಕಾಗದ. ಬಸಣ್ಣ ಹೆಂಡತಿಯ ಕಡೆ ತಿರುಗಿ, "ಮುಂದ ಉತಾರ ಐತಂತ. ಯಾರ ಹೊಲದ್ದೋ ಏನೋ" ಅಂದರು. ನಗಿಸಲು ನೋಡಿದರು ಪಾಪ. ನೀಲಕ್ಕ ಮುಂದಿನ ಕಂಬಿ ಹಿಡಿದು ನೇರ ನೋಡುತ್ತಿದ್ದರು. ಬಸಣ್ಣ ಗಿಯರು ಹಾಕಿದರು.

ಲಾರಿ ತಲೆ ತಗ್ಗಿಸಿತು. ಹಿಂದಿನ ಭಾರವೆಲ್ಲ ನಮ್ಮ ಬೆನ್ನಿಗೆ ಬಂದು ಕೂತ ಹಾಗೆ ಅನ್ನಿಸಿತು. ಬಸಣ್ಣ ಇನ್ನೊಂದು ಗಿಯರು ಇಳಿಸಿ, ಎಡಗಾಲಿನ ಹಿಮ್ಮಡಿಯಿಂದ ನೆಲದ ಗುಂಡಿ ಒತ್ತಿದರು. ಒಂದು ಸಲ ಪುಸ್ಸೆಂದಿತು. ಆಮೇಲೆ ಲಾರಿಯ ಹೊಟ್ಟೆಯೊಳಗಿಂದ, ದೊಡ್ಡ ಹಂಡೆಯಲ್ಲಿ ಬಾಯಿಟ್ಟು ಯಾರೋ ಗುರುಗುಟ್ಟಿದಂತೆ ಶಬ್ದ ಎದ್ದಿತು, ಮೈ ಮುಂದಕ್ಕೆ ವಾಲಿತು. ನೀಲಕ್ಕ ನನ್ನ ಮಣಿಕಟ್ಟನ್ನು ಹಿಡಿದ ಬಿಗಿಗೆ ಬಳೆಯ ಗುರುತು ಎರಡು ದಿನ ಇತ್ತು. "ಏನಾತ್ರಿ? ಏನ ಮುರೀತು?"

"ಏನೂ ಮುರದಿಲ್ಲ. ಗಾಳಿ ಸಿಕ್ಕಬಿದ್ದೈತಿ, ಅದಕ್ಕ ಒದರತೈತಿ. ನನ್ನ ಬಲಗಾಲ ನೋಡು" ಅಂದರು ಬಸಣ್ಣ, ರಸ್ತೆಯಿಂದ ಕಣ್ಣು ತೆಗೆಯದೆ. "ಬ್ರೇಕ್ ಮ್ಯಾಲ ಐತೇನು?"

ಇರಲಿಲ್ಲ. ಬಲಗಾಲು ಪಕ್ಕಕ್ಕೆ ಸುಮ್ಮನೆ ಇತ್ತು. ಲಾರಿ ಎತ್ತಿನಗಾಡಿಯ ಹಾಗೆ ಒಂದೇ ಹದದಲ್ಲಿ, ಗುರುಗುಟ್ಟುತ್ತಾ, ಇಳಿಯುತ್ತಿತ್ತು. ತಿರುವು ಬಂದಾಗ ಬಸಣ್ಣ ಕಾಲಿನ ಬ್ರೇಕನ್ನು ಒಂದು ಸಲ ಮುಟ್ಟಿ ಬಿಡುವರು, ಅಷ್ಟೇ. ನೀಲಕ್ಕ ಬಹಳ ಹೊತ್ತು ಆ ಕಾಲನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕಣ್ಣೆತ್ತಿ ಗಂಡನ ಮುಖ ನೋಡಿದರು. ನಾನೂ ನೋಡಿದೆ. ಮನೆಯಲ್ಲಿ ತಲೆ ತಗ್ಗಿಸಿ ಓಡಾಡುವ ಬಸಣ್ಣ ಅಲ್ಲಿರಲಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಮುಂದಿನ ತಿರುವಿನಾಚೆ, ಕಿವಿ ಇಂಜಿನ್ನಿನಲ್ಲಿ. ಎಂಥ ನೆಮ್ಮದಿ ಇತ್ತು ಆ ಮುಖದಲ್ಲಿ! ನೀಲಕ್ಕನ ಕಣ್ಣು ಮತ್ತೆ ಕೆಳಗಿಳಿಯಲಿಲ್ಲ.

ಅರ್ಧ ಘಾಟಿಯಲ್ಲಿ ಇನ್ನೊಂದು ಲಾರಿ ಹಾರ್ನ್ ಬಡಿಯುತ್ತಾ ನಮ್ಮನ್ನು ದಾಟಿ ಹೋಯಿತು. ಇಂಜಿನ್ನಿನ ಸದ್ದೇ ಇಲ್ಲ, ಚಕ್ರ ಉರುಳುವ ಸದ್ದು ಮಾತ್ರ. "ನ್ಯೂಟ್ರಲ್ ಮಾಡ್ಯಾನ ಹುಚ್ಚ" ಅಂದರು ಬಸಣ್ಣ. ಅದು ಹೋದ ಮೇಲೆ ಉಳಿದದ್ದೇ ಆ ವಾಸನೆ, ನಾನು ನಿಮಗೆ ಮೊದಲು ಹೇಳಿದ್ದು. ಘಾಟಿ ಮುಗಿದು ರಸ್ತೆ ಸಮನಾದ ಕಡೆ ಆ ಲಾರಿ ಪಕ್ಕಕ್ಕೆ ನಿಂತಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ನಾಲ್ಕೂ ಕಡೆ ಚಕ್ರದಿಂದ ಹೊಗೆ. ಡ್ರೈವರ್ ಡಬ್ಬದಲ್ಲಿ ನೀರು ತಂದು ಎರಚಲು ಹೊರಟಿದ್ದ. "ಪಾನಿ ಮತ್ ಡಾಲೋ ಭಾಯಿ, ಡ್ರಮ್ ಫಟೇಗಾ!" ಎಂದು, ನೀರು ಬಿದ್ದರೆ ಕಾದ ಡ್ರಮ್ಮು ಸೀಳುತ್ತದೆಂದು, ಬಸಣ್ಣ ಲಾರಿ ನಿಲ್ಲಿಸಿ ಕೂಗುತ್ತಾ ಓಡಿದರು.

ನೀಲಕ್ಕ ಇಳಿದು ಆ ಚಕ್ರದ ಹತ್ತಿರ ಹೋದರು. ಒಂದು ಮಾರು ದೂರದಿಂದಲೇ ಝಳ ಮುಖಕ್ಕೆ ಹೊಡೆಯಿತು. ತಿರುಗಿ ಬಂದು ನಮ್ಮ ಲಾರಿಯ ಹಿಂದಿನ ಚಕ್ರದ ಒಳಕ್ಕೆ ಮೆಲ್ಲಗೆ ಕೈ ಚಾಚಿದರು. ಹೆಂಚು ಕಾದಿದೆಯೋ ನೋಡುವ ಹಾಗೆ ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಆಮೇಲೆ ಮುಟ್ಟಿಯೇ ಬಿಟ್ಟರು. "ಬೆಚ್ಚಗ ಐತಿ, ಅಷ್ಟ" ಅಂದರು. ಕೈ ಅಲ್ಲೇ ಇಟ್ಟುಕೊಂಡು, "ದಣದದ್ದು ಇದಲ್ಲ, ಅದು" ಎಂದು ಆಚೆಯ ಲಾರಿ ತೋರಿಸಿದರು.

ಅಷ್ಟರಲ್ಲಿ ಹಿಂದಿರುಗಿದ ಬಸಣ್ಣನಿಗೆ ಅದು ಕೇಳಿಸಿತು. "ದಣದದ್ದಾ? ಬ್ರೇಕ್ ದಣದೈತಿ ಅಂತ ನಿನಗ ಯಾರು ಹೇಳಿದ್ರು?"

ನೀಲಕ್ಕ ನನ್ನನ್ನು ಒಂದು ಸಲ ನೋಡಿದರು. "ಯಾರೋ ಅಂದಿದ್ರು ಬಿಡ್ರಿ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ" ಎಂದು ಸೆರಗಿಗೆ ಕೈ ಒರೆಸಿಕೊಂಡು ಲಾರಿ ಹತ್ತಿದರು.

ದಾರಿಯ ಸೌಸರ್ ಊರು ದಾಟಿದೆವು. ಆಮೇಲೆ ನೀಲಕ್ಕನೇ ಶುರುಮಾಡಿದರು, ನನಗೆ ಹೇಳಿದಂತೆ, ಬಸಣ್ಣನಿಗೂ ಕೇಳುವಂತೆ. "ಹದಿನೆಂಟ ವರ್ಷ ಬಾಳೇವು ಮಾಡೀನ್ರಿ ತಮ್ಮಾ. ಇವರಿಗೆ ಇಂಥಾ ಮುಖಾ ಐತಿ ಅಂತ ನನಗ ಗೊತ್ತ ಇರಲಿಲ್ಲ. ಮನ್ಯಾಗ ಉಪ್ಪಿನ ಡಬ್ಬಿ ಎದರಿಗಿದ್ರೂ ಸಿಗಂಗಿಲ್ಲ ಈ ಮನಶ್ಯಾಗ. ಇಲ್ಲಿ ನೋಡಿದ್ರ... ಇವರನ್ನ ಒಯ್ದು ಗೇಟಿನಾಗ ಕುಂಡ್ರಸಾಕ ಹೊಂಟಿದ್ನೆಲ್ಲ ನಾ." ಗಂಡನ ಕಡೆ ತಿರುಗಿ, "ಸೋಮವಾರ ನೀವೇನ ಹೋಗಬ್ಯಾಡ್ರಿ. ನಾನ ಹೋಗಿ ಆ ವ್ಯಾಪಾರಿಗೆ ಬ್ಯಾಡ ಅಂತ ಹೇಳಿ ಬರ್ತೀನಿ" ಅಂದರು. ಬಸಣ್ಣ ರಸ್ತೆ ಖಾಲಿಯಿದ್ದರೂ ಒಂದು ಸಲ ಹಾರ್ನ್ ಹೊಡೆದರು.

ಆಮೇಲೆ ಬಸಣ್ಣ ನಿವೃತ್ತಿಯಾಗುವವರೆಗೂ ಲಾರಿ ಓಡಿಸಿದರು. ವರ್ಷಕ್ಕೆ ಎರಡು ಮೂರು ಸಲ ನೀಲಕ್ಕನೂ ಬುತ್ತಿ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದರಂತೆ. ನನಗೆ ವರ್ಗವಾಗಿ, ಮದುವೆಯಾಗಿ, ಮೈಸೂರು ಸೇರಿದೆ. ಕಾಗದ ಬರೆದೆ, ಫೋನು ಬಂದ ಮೇಲೆ ಫೋನು ಮಾಡಿದೆ. ಆದರೆ ಆ ತಪ್ಪು ಅರ್ಥ ಹೇಳಿದವನು ನಾನು ಎಂದು ಬಸಣ್ಣನಿಗೆ ಹೇಳಲು ಬಾಯಿ ಬಂದಿರಲಿಲ್ಲ. ನೀಲಕ್ಕನೂ ಹೇಳಿರಲಿಲ್ಲ, ಅದು ನನಗೆ ಗೊತ್ತಿತ್ತು.

ಮೊನ್ನೆ ಆ ಹುಡುಗನಿಗೆ ಪಾಠ ಮಾಡಿ ಒಳಗೆ ಬಂದ ಮೇಲೆ ನನಗೆ ನಾಚಿಕೆಯಾಯಿತು. ಯಾರ ವಿದ್ಯೆ, ಯಾರ ಜಂಬ! ಸೀದಾ ನಾಗಪುರಕ್ಕೆ ಫೋನು ಮಾಡಿದೆ. ಎತ್ತಿದ್ದು ನೀಲಕ್ಕ. ಇವತ್ತು ಬಸಣ್ಣನಿಗೆ ಹೇಳಿಬಿಡುತ್ತೇನೆ ಅಂದೆ. "ಹೇಳ್ರಿ, ಜಲ್ದಿ ಹೇಳ್ರಿ, ಇಬ್ಬರಿಗೂ ವಯಸ್ಸಾತು" ಎಂದು ನಗುತ್ತಾ ಫೋನು ದಾಟಿಸಿದರು. ಬಸಣ್ಣನಿಗೆ ಎಂಬತ್ತು ದಾಟಿದೆ, ಕಿವಿ ಮಂದ. ನಾನು ಕೂಗಿ ಕೂಗಿ ಹೇಳಿದೆ, ಎಗ್ಜಾಸ್ಟ್ ಅಂದರೆ ದಣಿದದ್ದು ಅಂದವನು ನಾನೇ, ಅವತ್ತು ನಿಮ್ಮ ಕೆಲಸ ಹೋಗುವುದರಲ್ಲಿತ್ತು, ನನ್ನಿಂದ, ಕ್ಷಮಿಸಿ ಅಂತ. ನಮ್ಮ ಬೀದಿಗೆಲ್ಲ ಕೇಳಿಸಿರಬೇಕು.

ಆ ಕಡೆಯಿಂದ ಬಸಣ್ಣನ ದನಿ ಬಂತು, ಮೆಲ್ಲಗೆ.

"ತಮ್ಮಾ, ಲಗ್ನ ಆದಾಗಿಂದ ಕರದಿದ್ದೆ ನಾ ಆಕೀನ. ಒಂದ ಸಲಾ ಬಾ, ನನ್ನ ಗಾಡ್ಯಾಗ ಕುಂಡ್ರು, ನಾ ಹೆಂಗ ಹೊಡೀತೀನಿ ನೋಡು ಅಂತ. ಹದಿನೆಂಟ ವರ್ಷ ಬರಲಿಲ್ಲ. ನೀ ಅವತ್ತ ಬರೋಬರ್ ಅರ್ಥ ಹೇಳಿದ್ದರ ಆಕಿ ಬರತಿದ್ಲೇನು?"